ಮೂರನೇ ಸುತ್ತಿನ ಹುಡುಗ

ಏಪ್ರಿಲ್ 6, ಶನಿವಾರ. ಬೆಳಿಗ್ಗೆ

ನಿನ್ನೆಯ ಬೇಸ್‌ಬಾಲ್ ಆಟಕ್ಕೂ ಅದೇ ಜಾಗ. ಬಲೆಯ ಹಿಂದೆ ನಾಲ್ಕನೇ ಸಾಲು, ಬ್ಯಾಟು ಹಿಡಿದವನ ಬೆನ್ನಿಗೆ ನೇರ. ಎಡಕ್ಕೆ ಸ್ಕೌಟುಗಳ ಸಾಲು. ದೊಡ್ಡ ತಂಡಗಳಿಗೆ ಹುಡುಗರನ್ನು ಹುಡುಕಲು ಬಂದವರು — ಎಲ್ಲರ ಕೈಯಲ್ಲೂ ಚೆಂಡಿನ ವೇಗ ಅಳೆಯುವ ಸ್ಪೀಡ್ ಗನ್, ತಲೆ ಮೇಲೆ ಹುಲ್ಲಿನ ಟೋಪಿ, ಬಾಯಲ್ಲಿ ಸೂರ್ಯಕಾಂತಿ ಬೀಜ. ಒಬ್ಬನ ಮುಖದಲ್ಲೂ ನಗು ಇಲ್ಲ. ನಕ್ಕರೆ ಹುಡುಗ ಇಷ್ಟವಾದದ್ದು ಪಕ್ಕದವನಿಗೆ ಗೊತ್ತಾಗುತ್ತದೆ.

ಎಲ್ಲರೂ ಬಂದದ್ದು ನಮ್ಮ ಕಾರ್ಬಿನ್‌ನನ್ನು ನೋಡಲು. ತಂಗಿ ಡಾರ್ಲಾಳ ಮಗ. ಕಾಲೇಜಿನಲ್ಲಿ ಮೂರನೇ ವರ್ಷ. ಶುಕ್ರವಾರದ ಪಿಚರ್, ಅಂದರೆ ಚೆಂಡು ಎಸೆಯುವವನು — ತಂಡದಲ್ಲಿ ಯಾರ ಕೈ ಎಲ್ಲರಿಗಿಂತ ಚೆನ್ನಾಗಿದೆಯೋ ಅವನಿಗೇ ಶುಕ್ರವಾರದ ಆಟ. ಒಂಬತ್ತರಲ್ಲಿ ಏಳು ಇನ್ನಿಂಗ್ಸ್ ಎಸೆದ. ಬಂದವರೆಲ್ಲ ಗಾಳಿಗೆ ಬ್ಯಾಟು ಬೀಸಿ ವಾಪಸು ಹೋದರು. ನನಗೆ ಗನ್ ಬೇಡ. ಕ್ಯಾಚರನ ಗವಸಿಗೆ ಚೆಂಡು ಬೀಳುವ ಸದ್ದು ಸಾಕು. ಕಣ್ಣು ಮುಚ್ಚಿ ತೊಂಬತ್ತನಾಲ್ಕು ಮೈಲಿ ಎಂದೆ. ಪಕ್ಕದ ಪೆಟಿಬೋನ್ ತನ್ನ ಗನ್ ನೋಡಿಕೊಂಡು ತೊಂಬತ್ತೆರಡು ಎಂದ. ಅವನ ಗನ್ನು ರಿಪೇರಿಗೆ ಬಂದಿದೆ.

ಪೆಟಿಬೋನ್ ಬೇರೆ ತಂಡದವನು. ನಾನು ಇನ್ನೊಂದು ತಂಡದ ಸ್ಕೌಟು ಸ್ಟೆನ್ಜೆಲ್ ಕಡೆ. ಸ್ಟೆನ್ಜೆಲ್ ಒಬ್ಬನೇ ಮೂರು ರಾಜ್ಯದ ಹುಡುಗರನ್ನು ನೋಡಬೇಕು, ಆಗುವ ಮಾತಲ್ಲ. ಅದಕ್ಕೇ ಊರೂರಿಗೆ ನನ್ನಂಥವನೊಬ್ಬ. ಬೇಟೆನಾಯಿ ಎನ್ನುತ್ತಾರೆ ನಮ್ಮನ್ನು, ಪ್ರೀತಿಯಿಂದ. ಸಂಬಳ ಇಲ್ಲ, ಟೋಪಿ ಕೊಡುತ್ತಾರೆ. ವಾರವೆಲ್ಲ ಹುಲ್ಲು ಕೊಯ್ಯುವ ಮಷೀನುಗಳ ರಿಪೇರಿ, ಶುಕ್ರವಾರ ಬೇಟೆ.

ಹೋದ ವರ್ಷ ಎಡಗೈ ಹುಡುಗನೊಬ್ಬ ಕಣ್ಣಿಗೆ ಬಿದ್ದ. ಪೆಟಿಬೋನ್ ಪಕ್ಕ ಕೂತು, "ಪಾಪ, ಸೊಂಟ ಹಿಡ್ಕೊಂಡಿದೆಯಂತೆ" ಎಂದು ನಿಟ್ಟುಸಿರು ಬಿಟ್ಟೆ. ಪೆಟಿಬೋನ್ ಗನ್ನನ್ನು ಚೀಲಕ್ಕೆ ಹಾಕಿ ಎದ್ದುಹೋದ. ಹುಡುಗನದು ಕುದುರೆ ಸೊಂಟ. ನೇರ ಸ್ಟೆನ್ಜೆಲ್ ಬುಟ್ಟಿಗೆ ಬಿದ್ದ. ಇಷ್ಟವಾದ ಹುಡುಗನನ್ನು ನಾಲ್ಕು ಜನಕ್ಕೆ ಕೇಳುವಂತೆ ಹಳಿಯುವುದು ಈ ಕಸುಬಿನ ಮೊದಲ ಪಾಠ. ಆ ಪಾಠಕ್ಕೆ ನಾನೇ ಮೇಷ್ಟ್ರು.

ಇವತ್ತು ಕಾಫಿ ಕುಡಿಯುವ ಹೊತ್ತಿಗೆ ಸ್ಟೆನ್ಜೆಲ್ ಫೋನು.

"ಕ್ಲೋವಿಸ್, ನಿನ್ನ ಅಳಿಯನ ವಿಷಯ."

"ಮೂರನೇ ಸುತ್ತು. ಅದಕ್ಕಿಂತ ಕೆಳಗೆ ಮಾತೇ ಬೇಡ."

"ನಾನಿನ್ನೂ ಏನೂ ಕೇಳಿಲ್ಲ ಮಾರಾಯ."

"ಕೇಳೋ ಕಷ್ಟ ಯಾಕೆ ಅಂತ ಹೇಳಿಬಿಟ್ಟೆ."

"ಪ್ರತಿ ಆಟ ನೋಡು. ಮಾವ ಅನ್ನೋದನ್ನ ಮನೇಲಿ ಬಿಟ್ಟು ಬಂದು ನೋಡು. ಸ್ಪೀಡು ಗನ್ ಹೇಳತ್ತೆ. ಕೈ ಹೇಗಿದೆ, ಎಷ್ಟು ದಿನ ಬಾಳತ್ತೆ — ಅದನ್ನ ನೀನು ಹೇಳ್ಬೇಕು. ನೀನು ಹೇಳಿದ್ದನ್ನೇ ನಾನು ಮೇಲಿನವರಿಗೆ ಹೇಳೋದು."

ಜುಲೈಯಲ್ಲಿ ಡ್ರಾಫ್ಟು. ದೊಡ್ಡ ತಂಡಗಳು ಸರದಿ ಪ್ರಕಾರ ತಮಗೆ ಬೇಕಾದ ಹುಡುಗರ ಹೆಸರು ಕೂಗುತ್ತವೆ, ಒಟ್ಟು ಇಪ್ಪತ್ತು ಸುತ್ತು. ಮೂರರಲ್ಲಿ ಕೂಗಿದರೆ ಹುಡುಗನ ಬಾಳೇ ಬೇರೆ. ಇಪ್ಪತ್ತರಲ್ಲೂ ಕೂಗದಿದ್ದರೆ ನನ್ನ ಶೆಡ್ಡಿನಲ್ಲಿ ಇನ್ನೊಂದು ಸ್ಟೂಲು ಹಾಕಬೇಕು.

ಬೆಳಿಗ್ಗೆಯಿಂದ ಒಂದು ಮಷೀನನ್ನೂ ಬಿಚ್ಚಿಲ್ಲ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಏಪ್ರಿಲ್ 7, ಭಾನುವಾರ

ಚರ್ಚು ಮುಗಿಸಿ ಡಾರ್ಲಾ ಮನೆಯಲ್ಲಿ ಊಟ. ಕರಿದ ಮೀನು, ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು. ಡಾರ್ಲಾ ಶಾಲೆಯ ಬಸ್ಸು ಓಡಿಸುತ್ತಾಳೆ. ಹಿಂದಿನ ಸೀಟಿನ ತುಂಟರಿಗೆ ಗದರುವ ದನಿಯಲ್ಲೇ ನನಗೂ.

"ಅಣ್ಣ, ಪೆಟ್ರೋಲ್ ಬಂಕಿನವನು ಕೇಳ್ದ, ನಿಮ್ಮ ಹುಡುಗ ಮೂರನೇ ಸುತ್ತಂತಲ್ಲ ಅಂತ. ಯಾರು ಹೇಳಿದ್ದು ಅವನಿಗೆ?"

"ಗಾಳಿಲಿ ಬಂದಿರ್ಬೇಕು."

"ಆ ಗಾಳಿ ನಿನ್ನ ಬಾಯಿಂದ್ಲೇ ಹೊರಡೋದು. ನನ್ನ ಮಗನ ಹೆಗಲ ಮೇಲೆ ಊರನ್ನೆಲ್ಲ ಕೂರಿಸ್ಬೇಡ ನೀನು."

ಕಾರ್ಬಿನ್ ನಕ್ಕ. "ಬಿಡಮ್ಮ. ಮಾವ ಎರಡನೇ ಸುತ್ತು ಅನ್ನಲಿಲ್ವಲ್ಲ, ಪುಣ್ಯ."

"ನಾಲಿಗೆ ತುದಿವರೆಗೂ ಬಂದಿತ್ತು ಕಣೋ. ಸಂಕೋಚ ಆಯ್ತು."

"ನಿಂಗೆ? ಸಂಕೋಚ?" ಎಂದಳು ಡಾರ್ಲಾ. ಮೀನಿನ ತಟ್ಟೆ ನನ್ನಿಂದ ದೂರ ಸರಿಸಿದಳು.

ಹುಡುಗ ಚಹಾದ ಜಗ್ಗನ್ನು ಎಡಗೈಯಲ್ಲಿ ಎತ್ತಿ ಬಗ್ಗಿಸಿಕೊಂಡ. ಮೇಜಿನ ಮೇಲೆಲ್ಲ ಚೆಲ್ಲಿತು. "ಬಲಗೈಗೇನಾಯ್ತೋ?" ಎಂದೆ. "ಭಾನುವಾರ ರಜಾ ಕೊಟ್ಟಿದೀನಿ ಮಾವ" ಎಂದ. ನಕ್ಕೆವು.

ಏಪ್ರಿಲ್ 13, ಶನಿವಾರ. ಬೆಳಿಗ್ಗೆ

ಬರೆಯದೆ ಇರಲಾಗುತ್ತಿಲ್ಲ. ಬರೆಯಲು ಕೂತರೂ ಕೂರಲಾಗುತ್ತಿಲ್ಲ.

ನಿನ್ನೆ ಐದನೇ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ಗ್ಯಾಲರಿಯ ಗದ್ದಲ ಇಳಿಯಿತು. ಮಕ್ಕಳೂ ಸುಮ್ಮನಾದವು. ಯಾಕೆಂದು ಯಾರೂ ಯಾರಿಗೂ ಹೇಳಲಿಲ್ಲ. ಸ್ಕೋರ್ ಬೋರ್ಡಿನಲ್ಲಿ ಎದುರು ತಂಡದ ಹೊಡೆತಗಳ ಲೆಕ್ಕಕ್ಕೆ ಸೊನ್ನೆ. ಒಂದು ಹೊಡೆತವೂ ಕೊಡದೆ ಪಿಚರ್ ಆಟ ಮುಗಿಸುವುದೆಂದರೆ ಕೆಲವರ ಆಯುಷ್ಯದಲ್ಲಿ ಒಮ್ಮೆ, ಬಹಳ ಜನಕ್ಕೆ ಅದೂ ಇಲ್ಲ. ಅದು ನಡೆಯುತ್ತಿರುವಾಗ ಅದರ ಹೆಸರು ಎತ್ತಬಾರದು. ಪಿಚರ್ ಜೊತೆ ಮಾತಾಡಬಾರದು. ಅವನ ಪಕ್ಕ ಕೂರಬಾರದು. ನೋಡುವವರು ಕೂತ ಜಾಗ ಬಿಟ್ಟು ಏಳಬಾರದು, ಮೂತ್ರಕ್ಕೂ. ಎಸ್ಟೆಲ್ ಮುದುಕ ಹಿಂದೊಮ್ಮೆ "ಇನ್ನೂ ಒಂದೂ ಬಿದ್ದಿಲ್ಲ ಅಲ್ವಾ?" ಎಂದು ಕೇಳಿದ. ಮುಂದಿನ ಚೆಂಡಿಗೇ ಹೊಡೆತ ಬಿತ್ತು. ಅವನ ಹೆಂಡತಿ ಅವತ್ತು ಬೇರೆಯವರ ಕಾರಿನಲ್ಲಿ ಮನೆಗೆ ಹೋದಳು.

ಕಾರ್ಬಿನ್ ಬೆಂಚಿನ ಒಂದು ತುದಿಯಲ್ಲಿ ಒಬ್ಬನೇ. ಉಳಿದವರೆಲ್ಲ ಇನ್ನೊಂದು ತುದಿಯಲ್ಲಿ ಒತ್ತಿಕೊಂಡು. ರೋಗ ಬಂದವನ ಹಾಗೆ ಕಾಣುತ್ತಿದ್ದ.

ಆರನೇ ಇನ್ನಿಂಗ್ಸಲ್ಲಿ ನೋಡಿದೆ.

ಮೊಣಕೈ ಇಳಿದಿತ್ತು. ಎಸೆಯುವಾಗ ಹೆಗಲಿನ ಮಟ್ಟಕ್ಕೆ ಬರುತ್ತಿದ್ದದ್ದು ಒಂದು ಅಂಗೈ ಕೆಳಗೆ. ಎಸೆದ ಮೇಲೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬೆರಳು ಕೊಡವಿದ. ಒಮ್ಮೆ ಅಲ್ಲ. ಪ್ರತಿ ಸಲವೂ. ಹುಡುಗನ ಎಂಟನೇ ವಯಸ್ಸಿನಿಂದ ಅವನ ಕೈ ನೋಡಿದ್ದೇನೆ, ನನ್ನ ಶೆಡ್ಡಿನ ಗೋಡೆಗೆ ಎಸೆದು ಎಸೆದು ಹಲಗೆ ಒಡೆದವನು. ಆ ಕೈ ಹಾಗೆ ಇಳಿದದ್ದಿಲ್ಲ.

ಸ್ಕೌಟುಗಳ ಕಡೆ ನೋಡಿದೆ. ಎಲ್ಲರ ಕಣ್ಣೂ ಗನ್ನಿನ ಮೇಲೆ. "ದಣಿದಿದಾನೆ, ಆದ್ರೂ ಬಿಡ್ತಿಲ್ಲ. ಗಟ್ಟಿ ಹುಡುಗ" ಎಂದು ಪಿಸುಗುಟ್ಟಿದ ಪೆಟಿಬೋನ್.

ಕೋಚ್ ಬ್ರಾಮ್ಲೆಟ್ ಬಲೆಯಿಂದ ಹತ್ತು ಹೆಜ್ಜೆ. ಎದ್ದು ಹೋಗಿ, "ಕೋಚ್, ಹುಡುಗನ ಕೈ ನೋಡಿ" ಎಂದರೆ ಆಯಿತು. ಅಷ್ಟೇ ಕೆಲಸ. ಏಳನೇ ಇನ್ನಿಂಗ್ಸಲ್ಲಿ ಅರ್ಧ ಎದ್ದೆ. ಹಿಂದಿನ ಸಾಲಿನಿಂದ ಯಾರೋ ನನ್ನ ಅಂಗಿ ಹಿಡಿದು ಕೂರಿಸಿದರು. ತಿರುಗಿದರೆ ಡಾರ್ಲಾ. ಕಣ್ಣಲ್ಲೇ ಕೊಂದಳು. ಕೋಚ್ ಕೂಡ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ — ಬೇಡ ಎಂದು. ಅವನೂ ಹುಡುಗನ ಹತ್ತಿರ ಹೋಗುತ್ತಿಲ್ಲ. ನೀರು ಕೊಡುವವರಿಲ್ಲ. ಕೈ ಹೇಗಿದೆ ಎಂದು ಕೇಳುವವರಿಲ್ಲ. ಬೇರೆ ದಿನವಾಗಿದ್ದರೆ ಏಳಕ್ಕೇ ಸಾಕು ಮಾಡಿಸಿ ಐಸು ಕಟ್ಟುತ್ತಿದ್ದರು.

ಕೂತೆ. ಬೀಜದ ಸಿಪ್ಪೆ ಅಂಗುಳಿಗೆ ಅಂಟಿಕೊಂಡಿತ್ತು, ಉಗುಳಲೂ ಹೆದರಿಕೆ. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಇದೇ ಮೊದಲು. ಬಾಯಿ ತೆರೆಯಬೇಕಾದ ದಿನವೇ.

ಒಂಬತ್ತನೇ ಇನ್ನಿಂಗ್ಸಲ್ಲಿ ಕೊನೆಯವನು ಆಕಾಶಕ್ಕೆ ಚೆಂಡು ಎತ್ತಿದ. ಹಿಡಿದರು. ಮುಗಿಯಿತು. ಊರಿಗೆ ಊರೇ ಬಲೆ ಹತ್ತಿತು. ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ. ಸಿಕ್ಕಿದವರನ್ನು ತಬ್ಬಿಕೊಂಡು "ನನ್ನ ಅಳಿಯ, ನಾನು ತಿದ್ದಿದ ಕೈ" ಎಂದೆ. ಪೆಟಿಬೋನ್‌ನ ಟೋಪಿ ಕಿತ್ತು ಎಸೆದೆ. ನೂರಕ್ಕೇ ನಿಲ್ಲಿಸುವುದು ರೂಢಿ, ನೂರ ಇಪ್ಪತ್ತು ದಾಟಿತ್ತು ಹುಡುಗ ಎಸೆದ ಚೆಂಡುಗಳ ಲೆಕ್ಕ.

ಗದ್ದಲದ ನಡುವೆ ಸ್ಟೆನ್ಜೆಲ್ ಫೋನು. ಬೇರೆ ರಾಜ್ಯದಲ್ಲಿದ್ದ. "ಕೇಳ್ದೆ ಕಣಯ್ಯ. ನಿನ್ನ ಕಣ್ಣಿಗೆ ಏನು ಕಾಣಿಸ್ತು?"

"ಚಿನ್ನ" ಎಂದೆ.

ಏಪ್ರಿಲ್ 15, ಸೋಮವಾರ

ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದೆ. ಒಂದು ಸ್ಕ್ರೂ ಉಳಿಯಿತು. ಮತ್ತೆ ಬಿಚ್ಚಿದೆ. ಈಗ ಎರಡು.

ಅಂಗಡಿಗೆ ಬಂದವರೆಲ್ಲ ಕೈ ಕುಲುಕುತ್ತಾರೆ. ನನ್ನ ಕೈ.

ಏಪ್ರಿಲ್ 20, ಶನಿವಾರ

ನಿನ್ನೆ ಐದೇ ಇನ್ನಿಂಗ್ಸ್. ಗೆದ್ದರು. ಗನ್ನಿನಲ್ಲಿ ವೇಗ ಮೊದಲಿನ ಹತ್ತಿರವೇ. ಆದರೆ ನೇರ ಚೆಂಡು ಕೆಲವೇ, ಉಳಿದದ್ದೆಲ್ಲ ಗಾಳಿಯಲ್ಲಿ ಪಕ್ಕಕ್ಕೆ ಹೊರಳುವ ಚೆಂಡು, ಮೊಣಕೈ ಇಳಿದೇ ಇದೆ.

ನೇರ ಕೇಳಿದರೆ ಹೇಳುವ ಜಾತಿಯಲ್ಲ ಅವನು. ಇವತ್ತು ಮಧ್ಯಾಹ್ನ ಶೆಡ್ಡಿಗೆ ಕರೆದೆ, ಊಟಕ್ಕೆ. ಸೌತೆಕಾಯಿ ಉಪ್ಪಿನಕಾಯಿಯ ಹೊಸ ಬಾಟಲಿ. ಬರುವ ಮೊದಲೇ ಸ್ಪ್ಯಾನರ್ ಹಾಕಿ ಮುಚ್ಚಳ ಬಿಗಿದಿಟ್ಟಿದ್ದೆ.

"ತೆಗಿಯೋ ಇದನ್ನ. ನನಗೆ ಆಗ್ತಿಲ್ಲ."

ಬಾಟಲಿ ಬಲಗೈಗೆ ತೆಗೆದುಕೊಂಡ. ನನ್ನ ಮುಖ ನೋಡಿದ. ಎಡಗೈಗೆ ಬದಲಾಯಿಸಿದ. ತೊಡೆ ಮಧ್ಯೆ ಒತ್ತಿ ಹಿಡಿದು ತಿರುಗಿಸಿದ. ಆಗಲಿಲ್ಲ. ನಿಧಾನಕ್ಕೆ ಮೇಜಿನ ಮೇಲಿಟ್ಟ.

"ಸ್ಪ್ಯಾನರ್ ಹಾಕಿದೀಯ ಮಾವ. ಗೀಚಿರೋ ಗುರುತು ಕಾಣ್ತಿದೆ."

"ಬಲಗೈಲಿ ತೆಗಿ."

"ಹಸಿವಿಲ್ಲ."

"ಎಲ್ಲಿ ನೋವು?"

ಅಂಗಿಯ ತೋಳು ಮೇಲೆಳೆದ. ಆಮೇಲೆ ಮೊಣಕೈಯ ಒಳಬದಿ ತೋರಿಸಿದ. ಕಿರುಬೆರಳು, ಅದರ ಪಕ್ಕದ್ದು ಜುಮ್ಮೆನ್ನುತ್ತವಂತೆ. ಬೆಳಿಗ್ಗೆ ಹಲ್ಲುಜ್ಜುವುದು ಎಡಗೈಯಲ್ಲೇ. ಮಾರ್ಚ್‌ನಿಂದ.

"ಡಾಕ್ಟರಿಗೆ ತೋರಿಸ್ದ್ಯಾ?"

"ತೋರಿಸಿದ್ರೆ ಕೈ ಒಳಗಿನ ಫೋಟೋ ತೆಗೀತಾರೆ. ಫೋಟೋ ತೆಗೆದ್ರೆ ಎಲ್ಲಾ ತಂಡಕ್ಕೂ ಗೊತ್ತಾಗತ್ತೆ. ಮೂರನೇ ಸುತ್ತು ಹೋಯ್ತು."

"ಆಮೇಲಾದ್ರೂ ತೆಗೀತಾರಲ್ಲೋ. ಹೆಸರು ಕೂಗಿದ ಮೇಲೆ, ಸಹಿಗೆ ಮುಂಚೆ."

"ಅಷ್ಟೊತ್ತಿಗೆ ಹೆಸರು ಕೂಗಿರ್ತಾರೆ ಮಾವ. ಕೂಗಿದ ಹೆಸರನ್ನ ವಾಪಸು ನುಂಗಕ್ಕಾಗಲ್ಲ." ಎದ್ದು ನಿಂತ. "ನೀನೇನೂ ನೋಡಿಲ್ಲ. ಆಯ್ತಾ? ಜುಲೈವರೆಗೆ ನೀನೇನೂ ನೋಡಿಲ್ಲ."

ಜುಲೈವರೆಗೆ ಎಸೆದರೆ ಆ ಕೈ ಉಳಿಯುವುದಿಲ್ಲ. ನಾನು ನೋಡಿದ್ದೇನೆ ಅಂಥ ಕೈಗಳನ್ನು. ಒಂದು ದಿನ ಟಪ್ ಎನ್ನುತ್ತದೆ, ಗ್ಯಾಲರಿಗೂ ಕೇಳುತ್ತದೆ.

ಬಾಟಲಿ ನನ್ನ ಕೈಲೂ ತೆಗೆಯಲಾಗಲಿಲ್ಲ. ಬರೀ ಬ್ರೆಡ್ಡು ತಿಂದೆ.

ಏಪ್ರಿಲ್ 23

ಸ್ಟೆನ್ಜೆಲ್‌ಗೆ ಹೇಳಬೇಕು. ಫೋನು ಕೈಗೆ ತೆಗೆದುಕೊಂಡೆ. ಮೊನ್ನೆ ಚಿನ್ನ ಎಂದ ಬಾಯಿ… ಇಟ್ಟೆ.

ಕೋಚ್‌ನನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಡಿದೆ. ಹುಡುಗನಿಗೆ ಒಂದು ವಾರ ವಿಶ್ರಾಂತಿ ಕೊಡಬಹುದಲ್ಲ ಎಂದೆ, ಸುಮ್ಮನೆ ಮಾತಿಗೆ ಎಂಬಂತೆ. "ಕೇಳ್ದೆ ಅವನನ್ನ. ಪ್ರತಿ ದಿನ ಕೇಳ್ತೀನಿ. ಫಸ್ಟ್ ಕ್ಲಾಸ್ ಅಂತಾನೆ" ಎಂದ. ಕೈಯಲ್ಲಿ ಮೊಳೆಯ ಪೊಟ್ಟಣ. "ನೀನೇ ಅಲ್ವಾ ಅವನು ಕಬ್ಬಿಣ ಅಂದಿದ್ದು?"

ಹೌದು. ನಾನೇ.

ಮೇ 4, ಶನಿವಾರ

ಒಂದು ಉಪಾಯ ಹೊಳೆಯಿತು. ಮಾತು ನನ್ನ ಬಾಯಿಂದ ಸ್ಟೆನ್ಜೆಲ್‌ಗೆ ಹೋಗಬಾರದು, ಊರಲ್ಲಿ ತಾನೇ ಹುಟ್ಟಿದ ಹಾಗೆ ಹರಡಬೇಕು. ಸ್ಕೌಟುಗಳ ಸಾಲಿನಲ್ಲಿ ಗುಸುಗುಸು ಎದ್ದರೆ ಕೋಚ್ ಕಿವಿಗೆ ಬಿದ್ದೇ ಬೀಳುತ್ತದೆ. ಹುಡುಗನನ್ನು ಕೂರಿಸುತ್ತಾನೆ. ನಾನು ಯಾರಿಗೂ ಏನೂ ಹೇಳಿದಂತಾಗುವುದಿಲ್ಲ.

ನಿನ್ನೆ ಮೂರನೇ ಇನ್ನಿಂಗ್ಸಲ್ಲಿ ಪೆಟಿಬೋನ್ ಕಡೆ ಬಾಗಿದೆ. "ಹುಡುಗನ ಮೊಣಕೈ ಕೆಟ್ಟಿದೆ. ಬೆರಳು ಜುಮ್ಮೆನ್ನತ್ತಂತೆ."

ಪೆಟಿಬೋನ್ ಬೀಜ ಉಗುಳಿದ. ಕಾಲೇಜು ಓದಿದವನು, ಮಾತು ತೂಗಿ ಆಡುತ್ತಾನೆ. "ಯಾರ ಮೊಣಕೈ?"

"ಕಾರ್ಬಿನ್‌ದು. ನಿಜವಾಗ್ಲೂ."

"ಸೊಂಟ ಹೇಗಿದೆ?"

"ಸೊಂಟಕ್ಕೇನಾಗಿದೆ?"

"ಅಲ್ಲ, ಹೋದ ವರ್ಷ ಸೊಂಟ ಆಯ್ತು. ಈ ವರ್ಷ ಮೊಣಕೈ. ಮುಂದಿನ ವರ್ಷ ಮಂಡಿನಾ?" ಆಚೆಯವನನ್ನು ಮೊಣಕೈಯಲ್ಲಿ ತಿವಿದ. "ಕೇಳಿಸ್ಕೊಂಡ್ಯಾ? ಕ್ಲೋವಿಸ್ ಸ್ವಂತ ಅಳಿಯನ್ನೇ ಹಳೀತಿದಾನೆ. ಸ್ಟೆನ್ಜೆಲ್‌ಗೆ ಎಷ್ಟು ಬೇಕಾಗಿರ್ಬೇಕು ಹಾಗಾದ್ರೆ ಈ ಹುಡುಗ."

"ನಮ್ಮಮ್ಮನ ಆಣೆಗೂ ನಿಜ ಕಣಯ್ಯ."

"ಆ ಎಡಗೈ ಹುಡುಗನಿಗೂ ನಿಮ್ಮಮ್ಮನ ಆಣೆನೇ ಹಾಕಿದ್ದೆ."

ಹಾಕಿದ್ದೆ. ಮರೆತಿದ್ದೆ.

ಆಟ ಮುಗಿಯುವ ಹೊತ್ತಿಗೆ ಸಾಲಿನ ತುದಿಯವರೆಗೂ ಸುದ್ದಿ ಹೋಗಿತ್ತು. ಒಬ್ಬನೂ ಗನ್ ಇಳಿಸಲಿಲ್ಲ. ಇಬ್ಬರು ಎದ್ದುಹೋಗಿ ಫೋನಿನಲ್ಲಿ ತಮ್ಮ ಮೇಲಿನವರ ಹತ್ತಿರ ಮಾತಾಡಿ ಬಂದರು. ಮುಂದಿನ ವಾರ ದೊಡ್ಡ ಸಾಹೇಬರನ್ನು ಕರೆತರುತ್ತಾರಂತೆ.

ಮೇ 6, ಸೋಮವಾರ

ಸ್ಟೆನ್ಜೆಲ್ ಫೋನು. ದನಿಯಲ್ಲೇ ನಗು.

"ಪೆಟಿಬೋನ್ ಹೇಳ್ದ. ಕ್ಲೋವಿಸ್, ನಿನ್ನಂಥವನು ಇನ್ನೊಬ್ಬ ಹುಟ್ಟಲ್ಲ ಬಿಡು. ಸ್ವಂತ ರಕ್ತಕ್ಕೂ ಆ ಮದ್ದು ಹಾಕ್ದೆಯಲ್ಲ."

"ಸ್ಟೆನ್ಜೆಲ್, ಅದು ಮದ್ದಲ್ಲ. ಕೈ ಕೆಟ್ಟಿದೆ."

"ಸರಿ ಸರಿ."

"ನಿಜ ಹೇಳ್ತಿದೀನಿ."

"ನನ್ನ ಮುಂದೆನೂ ನಾಟಕನಾ? ಪಕ್ಕದಲ್ಲಿ ಯಾರಾದ್ರೂ ಇದಾರಾ? ಇದ್ರೆ ಒಂದು ಸಲ ಕೆಮ್ಮು."

ಅದೇ ಹೊತ್ತಿಗೆ ಗಂಟಲು ಕೆರೆದು ಕೆಮ್ಮು ಬಂತು. ಏನು ಮಾಡಲಿ. ಸ್ಟೆನ್ಜೆಲ್ ಹೊಟ್ಟೆ ಹಿಡಿದು ನಕ್ಕ. ಮೇಲಿನವರಿಗೆ ಮೂರನೇ ಸುತ್ತು ಎಂದು ಹೇಳಿಯಾಗಿದೆ, ಮೇ ಕೊನೆಯ ಟೂರ್ನಮೆಂಟಿಗೆ ತಾನೂ ಬರುತ್ತೇನೆ ಎಂದ. ಇಟ್ಟ.

ತಿರುಗಿ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮೂರನೇ ಸುತ್ತು ಎಂಬ ಮಾತು ಕಿವಿಯಲ್ಲಿ ಸಿಹಿಯಾಗಿ ಕೂತಿತ್ತು, ನಾಚಿಕೆ ಬಿಟ್ಟು ಬರೆಯುತ್ತೇನೆ. ಹೇಳಿಯಾಯಿತು, ನಂಬದಿದ್ದರೆ ಅವರ ಹಣೆಬರಹ ಎಂದುಕೊಂಡು ಒಂದು ತಾಸು ಹಾಯಾಗಿದ್ದೆ.

ಒಂದೇ ತಾಸು.

ಮೇ 18

ಮತ್ತೆ ಗೆದ್ದ. ಎಸೆದ ಮೇಲೆ ಕೈ ಕೊಡವುವುದನ್ನೂ ಬಿಟ್ಟಿದ್ದಾನೆ. ಕಲಿತುಬಿಟ್ಟಿದ್ದಾನೆ. ಡಾರ್ಲಾಗೆ ಹೇಳೋಣ ಎಂದು ಬಸ್ಸು ನಿಲ್ಲುವಲ್ಲಿಗೆ ಹೋದೆ. "ಇವತ್ತೇನು ಬೊಗಳೆ?" ಎಂದಳು, ಬಾಗಿಲು ತೆರೆದು. ಹಿಂದೆ ಮಕ್ಕಳೆಲ್ಲ ನಕ್ಕವು. ಏನಿಲ್ಲ ಎಂದೆ.

ಮೇ 30, ಗುರುವಾರ. ಸಂಜೆ

ನಾಳೆ ಟೂರ್ನಮೆಂಟು. ಊರ ತುಂಬ ಬಣ್ಣದ ಬಟ್ಟೆ. ಕಾರ್ಬಿನ್‌ಗೆ ಮೊದಲ ಆಟ.

ಮಧ್ಯಾಹ್ನ ಅಭ್ಯಾಸ ಮುಗಿಸಿದವನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡೆ. ಹೊಳೆ ಸೇತುವೆ ಹತ್ತಿರ ನಿಲ್ಲಿಸಿದೆ. ಇಂಜಿನ್ ಆರಿಸಲಿಲ್ಲ. ಆರಿಸಿದರೆ ಸುಮ್ಮನೆ ಕೂರಬೇಕಾಗುತ್ತದೆ.

"ನಾಳೆ ಎರಡು ಡಜನ್ ಗನ್ ಇರತ್ತಂತೆ ಮಾವ."

"ಇರತ್ತೆ. ನಿಂಗೊಂದು ಮಾತು ಹೇಳ್ಬೇಕು."

"ಮಾವನಾಗಿ ಹೇಳೋದಾದ್ರೆ ಬೇಡ. ಕೈ ನೋಡ್ಕೋ, ಡಾಕ್ಟರ್ ನೋಡು — ಗೊತ್ತು ನಂಗೆ."

"ಸ್ಕೌಟಾಗಿ."

ತಿರುಗಿ ನೋಡಿದ. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಹೊಗಳಿಕೆ ಬಿಟ್ಟು ಬೇರೇನೂ ಕೇಳದ ಹುಡುಗ.

ಹೇಳಿದೆ. ಹೇಗೆ ಹೇಳಿದೆನೋ ಹಾಗೇ ಬರೆದಿಡುತ್ತೇನೆ.

"ನಿನ್ನ ನೇರ ಚೆಂಡು ಜೋರಾಗಿ ಬರತ್ತೆ, ಆದ್ರೆ ಚಪ್ಪಟೆ. ಕಾಲೇಜಿನವರಿಗೆ ಸಾಕು. ದೊಡ್ಡವರು ಎರಡನೇ ಸಲಕ್ಕೆ ಬೇಲಿ ಆಚೆ ಹಾಕ್ತಾರೆ. ಹೊರಳೋ ಚೆಂಡು ನಿಜಕ್ಕೂ ಚೆನ್ನಾಗಿದೆ. ಅದು ಅನ್ನ ಕೊಡತ್ತೆ. ಮೂರನೇ ಚೆಂಡು ನಿನ್ನ ಹತ್ರ ಇಲ್ಲ. ಮೂರನೇದು ಇಲ್ದವನು ಅಲ್ಲಿ ಆಟ ಶುರು ಮಾಡಲ್ಲ. ಕೊನೇಲಿ ಬಂದು ಒಂದು ಇನ್ನಿಂಗ್ಸ್ ಎಸೆದು ಹೋಗ್ತಾನೆ. ಕೈ ಪೂರ್ತಿ ಚೆನ್ನಾಗಿದ್ರೆ ನೀನು ಎಂಟನೇ ಸುತ್ತು. ಏಳು ಅಂದ್ರೂ ಜಾಸ್ತಿ ಆಯ್ತು."

ಇಂಜಿನ್ ಗುರ್ ಎನ್ನುತ್ತಿತ್ತು.

"ಮೂರನೇ ಸುತ್ತು?"

"ಅದು ನಾನು ಬಿಟ್ಟಿದ್ದು."

"ಊರಿಗೆ?"

"ಊರಿಗೆ. ಸ್ಟೆನ್ಜೆಲ್‌ಗೆ. ಆಮೇಲೆ ಕೈ ಕೆಟ್ಟಿದೆ ಅಂದ್ರೆ, ನಿನ್ನ ಬಚ್ಚಿಡಕ್ಕೆ ಹೇಳ್ತಿದೀನಿ ಅಂದ್ಕೊಂಡು ಎಲ್ಲರೂ ಇನ್ನೂ ಮೇಲಕ್ಕೆ ಹತ್ತಿಸಿದ್ರು."

"ಕೈ ವಿಷಯ ಹೇಳಿಬಿಟ್ಯಾ?"

"ಹೇಳ್ದೆ. ಯಾರೂ ನಂಬಲಿಲ್ಲ."

ನಕ್ಕ. ಕೇಳಲು ಚೆನ್ನಾಗಿರಲಿಲ್ಲ ಆ ನಗು. ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತ. ಬೇರೆ ಯಾರದೋ ಕೈ ಎಂಬಂತೆ.

"ಮಾರ್ಚ್‌ನಿಂದ ಐಸ್ ಬಕೆಟ್ಟಿಗೆ ಕೈ ಹಾಕ್ಕೊಂಡು ಬಟ್ಟೆ ಕಚ್ಚಿ ಕೂತಿರ್ತೀನಿ ಮಾವ. ಪಕ್ಕದ ರೂಮಿನವರಿಗೆ ಕೇಳಬಾರದು ಅಂತ. ನೀನು ಬಿಟ್ಟ ಗಾಳಿಗಾ ಅದೆಲ್ಲ?"

ಗೇರಿನ ಮೇಲೆ ಕೈ ಇಟ್ಟೆ, ತೆಗೆದೆ.

ಬಾಗಿಲು ತೆರೆದು ಇಳಿದ. ಊರ ಕಡೆ ನಡೆದ. ಟ್ರಕ್ಕನ್ನು ಹಿಂದೆ ಹಿಂದೆ ನಿಧಾನಕ್ಕೆ ಬಿಟ್ಟೆ. ತಿರುಗಲಿಲ್ಲ. ಚರ್ಚಿನ ತಿರುವಿನಲ್ಲಿ ಕಲ್ಲೆತ್ತಿಕೊಂಡ. ಬಾನೆಟ್ಟಿಗೆ ಬೀಳುತ್ತದೆ ಎಂದು ಕಾದೆ. ಎತ್ತಿದ ಕೈ ಹೆಗಲವರೆಗೂ ಹೋಗಲಿಲ್ಲ. ಕಲ್ಲನ್ನು ಅಲ್ಲೇ ಬಿಟ್ಟು ನಡೆದ.

ಜೂನ್ 1, ಶನಿವಾರ

ನಿನ್ನೆ ಬೇಗ ಹೋಗಿ ಕೂತೆ. ಸ್ಟೆನ್ಜೆಲ್ ಬಂದ, ಭುಜ ತಟ್ಟಿದ, ಪಕ್ಕದಲ್ಲಿ ಕೂತ. ಗನ್ನುಗಳ ಸಾಲು ಬಲೆಯ ಎರಡೂ ಕಡೆ. ಡಾರ್ಲಾ ಹಿಂದಿನ ಸಾಲಿನಲ್ಲಿ. ಅವಳಿಗೆ ಮಗ ಏನೂ ಹೇಳಿಲ್ಲ ಎಂದು ಮುಖದಲ್ಲೇ ತಿಳಿಯುತ್ತಿತ್ತು.

ಕಾರ್ಬಿನ್ ಮೈದಾನದ ನಡುವೆ ಚೆಂಡು ಎಸೆಯುವ ದಿಬ್ಬ ಹತ್ತಿದ. ಅಭ್ಯಾಸಕ್ಕೆ ಒಂದು ಚೆಂಡು ಎಸೆದ. ಎರಡನೆಯದಕ್ಕೆ ಕೈ ಎತ್ತಿ ನಿಂತ. ಇಳಿಸಿದ. ಕೋಚ್ ಹೊರಗೆ ಬಂದ. ಇಬ್ಬರೂ ಏನೋ ಮಾತಾಡಿದರು, ಬಾಯಿಗೆ ಟೋಪಿ ಅಡ್ಡ ಇಟ್ಟುಕೊಂಡು. ಕಾರ್ಬಿನ್ ಚೆಂಡನ್ನು ಕೋಚ್‌ನ ಕೈಯಲ್ಲಿಟ್ಟ. ಬೆಂಚಿಗೆ ನಡೆದ. ಓಡಲಿಲ್ಲ, ಕುಂಟಲಿಲ್ಲ, ತಲೆ ತಗ್ಗಿಸಲಿಲ್ಲ.

ಗ್ಯಾಲರಿಯಲ್ಲಿ ಬೈದರು. ಹೆಸರು ಹಿಡಿದೇ ಬೈದರು. ಡಾರ್ಲಾ ಎದ್ದು ಮೆಟ್ಟಿಲಿಳಿದು ಬಲೆಯ ಹತ್ತಿರ ಓಡಿದಳು.

ಗನ್ನುಗಳು ಒಂದೊಂದಾಗಿ ಚೀಲಕ್ಕೆ ಹೋದವು. ಪೆಟಿಬೋನ್ ನನ್ನ ಮುಂದೆ ನಿಂತ. "ನಿಜಾನೇ ಹೇಳಿದ್ದಾ ನೀನು?"

"ಅಮ್ಮನ ಆಣೆ ಹಾಕಿದ್ದೆನಲ್ಲ."

"ಇದಕ್ಕಿಂತ ದೊಡ್ಡ ಮೋಸ ಇದೆಯಾ?" ಎಂದ. ನಿಜಕ್ಕೂ ನೊಂದಿದ್ದ.

ಸ್ಟೆನ್ಜೆಲ್ ಎದ್ದು ನಿಂತ. ಬೀಜದ ಪೊಟ್ಟಣ ಮಡಚಿ ಜೇಬಿಗಿಟ್ಟ. "ಅವತ್ತು ಚಿನ್ನ ಅಂದಾಗ್ಲೇ ಗೊತ್ತಿತ್ತಾ?" ಎಂದ.

"ಅವತ್ತಿನ ಆರನೇ ಇನ್ನಿಂಗ್ಸಿಗೇ."

ತಲೆ ಆಡಿಸಿ ಹೊರಟುಹೋದ. ಟೋಪಿ ವಾಪಸು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಮ್ಮ ತಂಡ ಹೀನಾಯವಾಗಿ ಸೋತಿತು.

ಜೂನ್ 12

ಆಪರೇಷನ್ ಆಯಿತು. ಮೊಣಕೈಯಲ್ಲಿ ಎಲುಬುಗಳನ್ನು ಹಿಡಿದಿಡುವ ಕಟ್ಟು ಮುಕ್ಕಾಲು ಹರಿದಿತ್ತಂತೆ, ಪೂರ್ತಿ ಅಲ್ಲ. ಡಾರ್ಲಾ ಆಸ್ಪತ್ರೆಯ ಹೊರಗೆ ನಿಂತು ಹೇಳಿದಳು. ಒಳಗೆ ಬಾ ಎನ್ನಲಿಲ್ಲ.

ಜುಲೈ 2

ಮಷೀನುಗಳೆಲ್ಲ ರಿಪೇರಿಯಾದವು. ಮಾಡಲು ಕೆಲಸ ಉಳಿದಿಲ್ಲ. ಶೆಡ್ಡನ್ನು ಎರಡು ಸಲ ಗುಡಿಸಿದೆ.

ಜುಲೈ 16, ಮಂಗಳವಾರ

ಡ್ರಾಫ್ಟಿನ ಕೊನೆಯ ದಿನ. ಬೆಳಿಗ್ಗೆ ಡಾರ್ಲಾ ಫೋನು. "ಬೆಂಡೆಕಾಯಿ ಕರೀತಿದೀನಿ. ಒಬ್ಬನೇ ತಿಂದು ಮುಗಿಸಕ್ಕಾಗಲ್ಲ ಅವನಿಗೆ." ಅಷ್ಟು ಸಾಕಿತ್ತು. ಈ ಡೈರಿಯನ್ನೂ ಜೊತೆಗೆ ತಂದಿದ್ದೇನೆ, ಕೈಗೆ ಕೆಲಸ ಇರಲಿ ಎಂದು. ಅಡುಗೆ ಮನೆ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ಹೆಸರು ಕೂಗುತ್ತಿದ್ದಾರೆ. ಕಾರ್ಬಿನ್ ಕೈಗೆ ಕಬ್ಬಿಣದ ಪಟ್ಟಿ. ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದಾನೆ. ನನ್ನ ಜೊತೆ ಎರಡು ಮಾತಾಡಿದ. ಉಪ್ಪು ಕೊಡು ಎಂದು ಒಂದು, ಸಾಕು ಎಂದು ಒಂದು.

ಹದಿನಾರು ಸುತ್ತು ಮುಗಿಯಿತು. ಕರೆಯದಿದ್ದರೆ ಕಾಲೇಜಿಗೇ ವಾಪಸು ಹೋಗಬಹುದು, ಆದರೆ ಒಂದು ವರ್ಷ ಚೆಂಡು ಮುಟ್ಟುವಂತಿಲ್ಲ. ಆಮೇಲೆ ಯಾರು ನೋಡಲು ಬರುತ್ತಾರೆ.

ಹದಿನೇಳು ನಡೆಯುತ್ತಿರುವಾಗ ನನ್ನ ಫೋನು. ಸ್ಟೆನ್ಜೆಲ್. ಟೂರ್ನಮೆಂಟಿನ ಆ ದಿನದ ನಂತರ ಇದೇ ಮೊದಲು. ಅಡುಗೆ ಮನೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು ಅವನ ದನಿ.

"ಕ್ಲೋವಿಸ್, ನಮ್ಮ ಸರದಿ ಇನ್ನೂ ಮೂರಿದೆ. ಒಂದೇ ಪ್ರಶ್ನೆ. ಆ ಕೈ ವಾಪಸು ಬರತ್ತಾ?"

ಡಾರ್ಲಾ ಜಾಲರಿ ಸೌಟು ಹಿಡಿದುಕೊಂಡೇ ತಿರುಗಿದಳು. ಕಾರ್ಬಿನ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

ಬರುತ್ತೆ ಎನ್ನುವುದು ಎಷ್ಟು ಸುಲಭ. ಬಾಯಲ್ಲೇ ಇತ್ತು. ಮೊದಲಿಗಿಂತ ಜೋರಾಗಿ ಬರುತ್ತೆ ಎನ್ನುವುದೂ ಇತ್ತು.

"ಗೊತ್ತಿಲ್ಲ" ಎಂದೆ.

"ಏನಂದೆ?"

"ಗೊತ್ತಿಲ್ಲ ಸ್ಟೆನ್ಜೆಲ್. ಕೆಲವು ಬರತ್ತೆ, ಕೆಲವು ಬರಲ್ಲ. ಹೊರಳೋ ಚೆಂಡು ಒಂದು ಇನ್ನಿಂಗ್ಸಿಗೆ ಸಾಕು, ಕೈ ಬಂದ್ರೆ. ಅಷ್ಟೊಂದು ಗನ್ ಎದುರಿಗೆ ಚೆಂಡು ವಾಪಸು ಕೊಟ್ಟಿದ್ದನ್ನ ನೀನೂ ನೋಡಿದೀಯ. ನಾನು ನೋಡಿದ್ದೂ ಅಷ್ಟೇ."

ಆ ಕಡೆ ಕಾಗದ ಸರಿದಂತೆ ಕೇಳಿತು.

"ಹುಡುಗನಿಗೆ ಕೊಡು ಫೋನು."

ಕೊಟ್ಟೆ. ಕಾರ್ಬಿನ್ ನನ್ನ ಮುಖ ನೋಡಿದ — ಸೇತುವೆ ಹತ್ತಿರದ ಆ ದಿನದ ನಂತರ ಮೊದಲ ಸಲ ನೇರಕ್ಕೆ. ಫೋನು ತೆಗೆದುಕೊಂಡು ಜಗಲಿಗೆ ಹೋದ. ಬಾಗಿಲು ಎಳೆದುಕೊಂಡ.

ಡಾರ್ಲಾ ಒಲೆ ಆರಿಸಿದಳು. ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದಾಳೆ. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿದೆ, ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ. ಕಂಪ್ಯೂಟರಿನಲ್ಲಿ ಹದಿನೆಂಟನೇ ಸುತ್ತು. ಸ್ಟೆನ್ಜೆಲ್ ತಂಡದ ಸರದಿಗೆ ಇನ್ನು ಇಬ್ಬರು. ಒಬ್ಬರು.

ನಿಂತ. ಫೋನು ಕಿವಿಯಿಂದ ತೆಗೆದ. ಡಾರ್ಲಾ ನನ್ನ ಭುಜ ಹಿಡಿದಿದ್ದಾಳೆ, ಪೆನ್ನು ಅಲ್ಲಾಡುತ್ತಿದೆ. ಬಾಗಿಲಿನ ಹಿಡಿ ತಿರುಗುತ್ತಿದೆ.